ಮುಟ್ಟದೆ ಹಿಡಿಯುವ ಬೇರಿಂಗು: ತಿರುಗುವ ಯಂತ್ರದ ಕಂಪನವನ್ನು ಹದಕ್ಕೆ ತರುವ ಬಗೆ

ಒಂದು ಮಳೆಗಾಲದಲ್ಲಿ ಮೀನು ಹಿಟ್ಟಿನ ಕಾರ್ಖಾನೆಯೊಂದರ ಫೋರ್‌ಮನ್ ಬ್ಲೋವರಿನ ರೋಟರನ್ನು, ಅಂದರೆ ತಿರುಗುವ ಭಾಗವನ್ನು, ಪಿಕಪ್‌ನಲ್ಲಿ ಹೇರಿಕೊಂಡು ಬೈಕಂಪಾಡಿಯ ನನ್ನ ಬ್ಯಾಲೆನ್ಸಿಂಗ್ ಶೆಡ್ಡಿಗೆ ಬಂದರು. ರೋಟರು ಇಳಿಯುವ ಮೊದಲೇ ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದರು. ಯಾವ ಆಸರೆಯೂ ಇಲ್ಲದೆ ತೇಲುತ್ತ ತಿರುಗುವ ಶಾಫ್ಟ್; ಎಣ್ಣೆಯಿಲ್ಲ, ಸದ್ದಿಲ್ಲ. “ಇದನ್ನು ನಮ್ಮ ಬ್ಲೋವರಿಗೆ ಹಾಕಿದರೆ ಅಲುಗಾಟ ನಿಲ್ಲುತ್ತದೆಯೇ, ಮೇಡಂ?” ನಾನು ಉತ್ತರ ಕೊಡದೆ ಇಂಪೆಲ್ಲರಿನ ರೆಕ್ಕೆಗಳ ಹಿಂದೆ ಬೆರಳಾಡಿಸಿದೆ. ಮೀನಿನ ಪುಡಿಯೂ ಎಣ್ಣೆಯೂ ಸೇರಿ ಕಲ್ಲಿನಂತಾದ ಹೊದಿಕೆ, ಒಂದು ಕಡೆ ಉದುರಿಹೋಗಿತ್ತು, ಇನ್ನೊಂದು ಕಡೆ ಹಾಗೆಯೇ ಕುಳಿತಿತ್ತು. ಕೆರೆದು, ಬಿಸಿನೀರಿನಲ್ಲಿ ತೊಳೆದು, ಎರಡೂ ಬದಿಯ ತೂಕ ಸರಿಮಾಡಿ ಸಂಜೆಗೆ ಕಳಿಸಿಕೊಟ್ಟೆ. ಬ್ಲೋವರ್ ಈಗಲೂ ಬಾಲ್ ಬೇರಿಂಗಿನ ಮೇಲೆಯೇ ಓಡುತ್ತಿದೆ.

ಆದರೂ ಅವರು ತೋರಿಸಿದ ಬೇರಿಂಗಿನ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ಅಂಥದ್ದೊಂದು ನನ್ನ ಶೆಡ್ಡಿನ ಮೂಲೆಯ ಮೇಜಿನ ಮೇಲೆಯೇ ಇದೆ. ಇಂಜಿನಿಯರಿಂಗ್ ಓದುತ್ತಿದ್ದ ನನ್ನ ತಮ್ಮನ ಮಗಳು ಪ್ರಾಜೆಕ್ಟಿಗೆಂದು ಶುರು ಮಾಡಿದಳು. ಪ್ರಾಜೆಕ್ಟು ಮುಗಿದು ಅವಳಿಗೆ ಅಂಕ ಬಂದ ಮೇಲೂ ನಾವಿಬ್ಬರು ಅದನ್ನು ಬಿಡಲಿಲ್ಲ. ವಿದ್ಯುತ್ಕಾಂತಗಳಿಂದ ಶಾಫ್ಟನ್ನು ಮುಟ್ಟದೆ ತೇಲಿಸಿ ಹಿಡಿಯುವ ಇಂಥ ಸಕ್ರಿಯ ಮ್ಯಾಗ್ನೆಟಿಕ್ ಬೇರಿಂಗು ಇರುವ ಕಂಪ್ರೆಸರ್, ಚಿಲ್ಲರ್ ಅಥವಾ ನಿರ್ವಾತ ಪಂಪಿನ ಹೊಣೆ ಬಿದ್ದವರಿಗೆ, ಇಲ್ಲವೇ ಕಾಲೇಜಿನ ಲ್ಯಾಬಿನಲ್ಲಿ ಒಂದನ್ನು ಕಟ್ಟಹೊರಟವರಿಗೆ ನಾವು ಕಲಿತದ್ದನ್ನು ಕೆಲಸದ ಕ್ರಮದಲ್ಲಿಯೇ ಬರೆಯುತ್ತೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ನಾವು ಮುಗ್ಗರಿಸಿದ್ದು ಹೆಚ್ಚಾಗಿ ರೋಟರನ್ನು ಬಿಗಿಯಾಗಿ ಹಿಡಿಯಲು ಹೋದಾಗ.

ಆಯಸ್ಕಾಂತದ ಸ್ವಭಾವ

ಸ್ಪ್ರಿಂಗನ್ನು ಎಳೆದಷ್ಟೂ ಅದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಆಯಸ್ಕಾಂತ ತದ್ವಿರುದ್ಧ. ಕಬ್ಬಿಣ ಹತ್ತಿರ ಬಂದಷ್ಟೂ ಇನ್ನೂ ಬಲವಾಗಿ ಸೆಳೆಯುತ್ತದೆ, ದೂರ ಹೋದರೆ ಕೈಬಿಡುತ್ತದೆ. ಸ್ಥಿರವಾದ ಆಯಸ್ಕಾಂತಗಳಿಂದ ಮಾತ್ರ ಒಂದು ವಸ್ತುವನ್ನು ಎಲ್ಲ ದಿಕ್ಕಿಗೂ ಭದ್ರವಾಗಿ ತೇಲಿಸಲಾಗದು ಎಂಬುದಕ್ಕೆ ಆಧಾರವಾದ ಗಣಿತವನ್ನು ಇಂಗ್ಲೆಂಡಿನ ಗಣಿತಜ್ಞ ಅರ್ನ್‌ಷಾ 1842ರಲ್ಲೇ ಕೊಟ್ಟಿದ್ದ. ದಾರಿ ಸಿಕ್ಕಿದ್ದು ವಿದ್ಯುತ್ಕಾಂತಕ್ಕೆ ಕಣ್ಣು ಕೊಟ್ಟಾಗ. ಕಳೆದ ಶತಮಾನದ ಮೂವತ್ತು ನಲವತ್ತರ ದಶಕಗಳಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೆಸ್ಸಿ ಬೀಮ್ಸ್ ಮತ್ತು ಸಂಗಡಿಗರು ಚಿಕ್ಕ ಉಕ್ಕಿನ ಗುಂಡುಗಳನ್ನು ನಿರ್ವಾತದಲ್ಲಿ ಹೀಗೆ ತೇಲಿಸಿ ಅಪಾರ ವೇಗದಲ್ಲಿ ತಿರುಗಿಸಿದರು.

ಅಂಗೈಯ ಮೇಲೆ ಒನಕೆ ನಿಲ್ಲಿಸುವ ಆಟವನ್ನು ನೆನಪಿಸಿಕೊಳ್ಳಿ. ಕಣ್ಣು ವಾಲುವಿಕೆಯನ್ನು ಕಾಣುತ್ತದೆ, ತಲೆ ಲೆಕ್ಕ ಹಾಕುತ್ತದೆ, ಕೈ ಸರಿಯುತ್ತದೆ. ಇಲ್ಲಿ ಕಣ್ಣೆಂದರೆ ಶಾಫ್ಟಿನ ದೂರವನ್ನು ಮೈಕ್ರಾನಿನಲ್ಲಿ ಅಳೆಯುವ ಸೆನ್ಸರ್, ತಲೆಯೆಂದರೆ ಕಂಟ್ರೋಲರ್, ಕೈಯೆಂದರೆ ಕಾಯಿಲಿಗೆ ಕರೆಂಟು ಕೊಡುವ ಆಂಪ್ಲಿಫಯರ್. ಸೆಕೆಂಡಿಗೆ ಸಾವಿರಾರು ಬಾರಿ ಈ ಸುತ್ತು ನಡೆಯುತ್ತದೆ. ಒನಕೆ ಬೀಳುವುದು ಕೈಯಲ್ಲಿ ಶಕ್ತಿ ಸಾಲದೆ ಅಲ್ಲ, ಕೈ ತಡವಾಗಿ ಸರಿದದ್ದರಿಂದ. ಮುಂದೆ ಬರುವ ಹೆಚ್ಚಿನ ತೊಂದರೆಗಳ ಬೇರು ಈ ‘ತಡ’ದಲ್ಲಿಯೇ ಇದೆ.

ಆಯಸ್ಕಾಂತಕ್ಕೆ ಕೈ ಹಾಕುವ ಮೊದಲು

ಕಾಟಪಾಡಿಯಲ್ಲಿ ನನ್ನ ಅಪ್ಪನಿಗೆ ಅಕ್ಕಿ ಗಿರಣಿ ಇತ್ತು. ಉದ್ದದ ಶಾಫ್ಟು, ಚರ್ಮದ ಬೆಲ್ಟುಗಳು. ಅಪ್ಪ ಬೇರಿಂಗ್ ಬ್ಲಾಕಿನ ಮೇಲೆ ನೀರು ತುಂಬಿದ ಹಿತ್ತಾಳೆಯ ಚೊಂಬು ಇಟ್ಟು ಅಲೆಗಳನ್ನು ನೋಡುತ್ತಿದ್ದರು. ನಡುವಿನಿಂದ ಹೊರಗೆ ಹರಡುವ ಸಣ್ಣ ಉಂಗುರಗಳಾದರೆ ಸುಮ್ಮನಿರುತ್ತಿದ್ದರು. ನೀರು ಒಂದೇ ಕಡೆಗೆ ತುಳುಕಿದರೆ ಮಿಲ್ಲು ನಿಲ್ಲಿಸಿ ಮೊದಲು ಫೌಂಡೇಶನ್ ಬೋಲ್ಟು, ಆಮೇಲೆ ಅಲೈನ್‌ಮೆಂಟ್, ಕೊನೆಗೆ ಬೇರಿಂಗು ನೋಡುತ್ತಿದ್ದರು. ಉಪಕರಣ ಬದಲಾದರೂ ನನ್ನ ಕ್ರಮ ಅದೇ. ಸಡಿಲ ಬೋಲ್ಟು, ಓರೆಯಾದ ಕಪ್ಲಿಂಗು, ಕೊಳೆ ಹಿಡಿದ ಇಂಪೆಲ್ಲರು, ಇವುಗಳನ್ನು ಕಂಟ್ರೋಲರಿನ ತಲೆಗೆ ಕಟ್ಟಬೇಡಿ.

ಅಸಮತೋಲದ ಲೆಕ್ಕ ಕೊಡುತ್ತೇನೆ. ನಮ್ಮ ರೋಟರಿನ ತೂಕ 2.4 ಕಿಲೋ, ಉದ್ದ 420 ಮಿ.ಮೀ., ಗುರಿಯ ವೇಗ ನಿಮಿಷಕ್ಕೆ 6000 ಸುತ್ತು. ಲೇತಿನಿಂದ ಇಳಿಸಿದಾಗ ಅದರಲ್ಲಿ ಸುಮಾರು 60 ಗ್ರಾಂ-ಮಿಲಿಮೀಟರ್ ಅಸಮತೋಲ ಇತ್ತು. ಅಂದರೆ ನಡುವಿನಿಂದ 25 ಮಿ.ಮೀ. ದೂರದಲ್ಲಿ 2.4 ಗ್ರಾಂ ಹೆಚ್ಚುವರಿ ತೂಕ, ಅಷ್ಟೇ. 6000 ಸುತ್ತಿನಲ್ಲಿ ಅದು ಹುಟ್ಟಿಸುವ ಬಲ ಸುಮಾರು 24 ನ್ಯೂಟನ್, ಹೆಚ್ಚುಕಡಿಮೆ ರೋಟರಿನ ತೂಕದಷ್ಟೇ! ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಒಂದು ಗಂಟೆ ಕುಳಿತು ಜಿ 2.5 ದರ್ಜೆಗೆ (ಉಳಿದ ಅಸಮತೋಲಕ್ಕೆ ಮಿತಿ ಹಾಕುವ ದರ್ಜೆಗಳಲ್ಲೊಂದು) ತಂದೆ. ಈ ವೇಗಕ್ಕೆ ಅದರ ಮಿತಿ ರೋಟರಿನ ಪ್ರತಿ ಕಿಲೋಗೆ 4 ಗ್ರಾಂ-ಮಿಲಿಮೀಟರ್, ಒಟ್ಟು ಸುಮಾರು 9.5. ಬಲ 4 ನ್ಯೂಟನ್ನಿಗಿಂತ ಕೆಳಗಿಳಿಯಿತು. ಕಂಟ್ರೋಲರಿನ ಬುದ್ಧಿವಂತ ಫಿಲ್ಟರುಗಳಿಗೆ ಇಂಥ ಫಲ ಒಂದು ಗಂಟೆಯಲ್ಲಿ ಸಿಗುವುದಿಲ್ಲ.

ಸೆನ್ಸರ್ ನೋಡುವ ಮೇಲ್ಮೈಯನ್ನೂ ಈಗಲೇ ನೋಡಿಕೊಳ್ಳಿ. ನಮ್ಮ ಲೇತ್‌ನ ಹುಡುಗ ಬೇರಿಂಗಿನ ಮೇಲ್ಮೈಯನ್ನು ಒಮ್ಮೆ, ಸೆನ್ಸರಿನದನ್ನು ಮತ್ತೊಮ್ಮೆ ಚಕ್ಕಿನಲ್ಲಿ ಹಿಡಿದು ತಿರುಗಿಸಿದ್ದ. ಎರಡರ ಕೇಂದ್ರಗಳ ನಡುವೆ 12 ಮೈಕ್ರಾನ್ ವ್ಯತ್ಯಾಸ ಉಳಿಯಿತು. ಶಾಫ್ಟು ನಿಜವಾಗಿ ಅಲುಗದಿದ್ದರೂ ಸೆನ್ಸರು “ಅಲುಗಿತು” ಎಂದು ಸುಳ್ಳು ಹೇಳುತ್ತದೆ, ಕಂಟ್ರೋಲರ್ ಅದನ್ನು ನಂಬಿ ಶಾಫ್ಟನ್ನು ನಿಜವಾಗಿಯೇ ಅಲುಗಿಸುತ್ತದೆ. ಎರಡು ಸೆಂಟರುಗಳ ನಡುವೆ ಹಿಡಿದು, ಒಂದೇ ಬಾರಿಗೆ ಎರಡೂ ಮೇಲ್ಮೈಗಳನ್ನು ಗ್ರೈಂಡ್ ಮಾಡಿಸಿ. ಪರೀಕ್ಷೆ ಸುಲಭ. ತೇಲಿಸಿದ ಮೇಲೆ ನಿಮಿಷಕ್ಕೆ 200 ಸುತ್ತಿಗಿಂತ ನಿಧಾನವಾಗಿ ತಿರುಗಿಸಿ. ಅಷ್ಟು ನಿಧಾನದಲ್ಲಿ ಅಸಮತೋಲದ ಬಲ ಲೆಕ್ಕಕ್ಕಿಲ್ಲ. ಆಗಲೂ ಸುತ್ತಿಗೊಮ್ಮೆ ಬರುವ ಏರಿಳಿತ ಕಂಡರೆ ಬಹುಪಾಲು ಅದು ಮೇಲ್ಮೈಯ ಸುಳ್ಳು.

ಕಾಗದದ ಮೇಲೆ ನಾಲ್ಕು ಅಂಕೆ

ನಮ್ಮ ಎರಡು ಬೇರಿಂಗುಗಳಲ್ಲಿ ಒಂದೊಂದಕ್ಕೂ ಎಂಟು ಧ್ರುವ, ಅಂದರೆ ನಾಲ್ಕು ಜೋಡಿ; ಎದುರುಬದುರಿನ ಎರಡು ಜೋಡಿ ಸೇರಿ ಒಂದು ಅಕ್ಷ. ಜೋಡಿಗೆ 200 ಸುತ್ತು ತಂತಿ, ಧ್ರುವದ ಮುಖ 2 ಚದರ ಸೆಂ.ಮೀ., ಗಾಳಿಯ ತೆರಪು 0.4 ಮಿ.ಮೀ. ಎದುರುಬದುರಿನ ಜೋಡಿಗಳೆರಡಕ್ಕೂ ಸದಾ 1 ಆಂಪಿಯರ್ ಮೂಲ ಕರೆಂಟು ಹರಿಯುತ್ತಿರುತ್ತದೆ. ಕಂಟ್ರೋಲರ್ ಒಂದು ಕಡೆ ಹೆಚ್ಚಿಸಿದಷ್ಟನ್ನು ಇನ್ನೊಂದು ಕಡೆ ಇಳಿಸುತ್ತದೆ. ಇಷ್ಟರಿಂದ ಬರುವ ಲೆಕ್ಕ: ಕಂಟ್ರೋಲ್ ಕರೆಂಟಿನ ಪ್ರತಿ ಆಂಪಿಯರಿಗೆ 58 ನ್ಯೂಟನ್ ಬಲ, ಮತ್ತು ರೋಟರು ಪ್ರತಿ ಮೈಕ್ರಾನ್ ಸರಿದಾಗ ಅದನ್ನು ಇನ್ನೂ ಹೊರಗೆ ಸೆಳೆಯುವ 0.145 ನ್ಯೂಟನ್. ಈ ಎರಡನೆಯದನ್ನು ನಾನು ‘ಋಣ ಬಿಗಿತ’ ಎನ್ನುತ್ತೇನೆ. ಹತೋಟಿ ಇಲ್ಲದಿದ್ದರೆ ಕೇಂದ್ರದಿಂದ ಸರಿದ ದೂರ ಪ್ರತಿ 3 ಮಿಲಿಸೆಕೆಂಡಿಗೆ ಎರಡೂಮುಕ್ಕಾಲು ಪಟ್ಟಾಗುತ್ತ ಹೋಗುತ್ತದೆ. ಕಣ್ಣು, ತಲೆ, ಕೈ ಮೂರೂ ಸೇರಿ ಇದಕ್ಕಿಂತ ಬಹಳ ಚುರುಕಾಗಿರಬೇಕು.

ಋಣ ಬಿಗಿತವನ್ನು ಬಲದ ಅಂಕೆಯಿಂದ ಭಾಗಿಸಿದರೆ ಉಳಿಯುವುದು ಮೂಲ ಕರೆಂಟು ಭಾಗಿಸು ತೆರಪು, ಇಲ್ಲಿ 1 ಭಾಗಿಸು 0.4, ಅಂದರೆ ಮಿಲಿಮೀಟರಿಗೆ 2.5 ಆಂಪಿಯರ್. ಪಿಐಡಿ ಕಂಟ್ರೋಲರಿನ ‘ಪಿ’, ಅಂದರೆ ಸರಿದ ದೂರಕ್ಕೆ ತಕ್ಕಂತೆ ಕೊಡುವ ಕರೆಂಟು, ಇದಕ್ಕಿಂತ ಕಡಿಮೆಯಿದ್ದರೆ ರೋಟರು ತೇಲುವುದೇ ಇಲ್ಲ. ಇದರ ಎರಡು ಪಟ್ಟು, ಮಿಲಿಮೀಟರಿಗೆ 5 ಆಂಪಿಯರ್, ಆರಂಭಕ್ಕೆ ಒಳ್ಳೆಯದು. ಆಗ ಉಳಿಯುವ ನಿಜವಾದ ಬಿಗಿತ ಋಣ ಬಿಗಿತದಷ್ಟೇ ಆಗುತ್ತದೆ. ನಮ್ಮ ರೋಟರಿಗೆ ಅದರ ಸಹಜ ಆವರ್ತನ (ತಟ್ಟಿದರೆ ತಾನಾಗಿ ಅಲುಗುವ ಆವರ್ತನ) ಸುಮಾರು 55 ಹರ್ಟ್ಸ್, ಅಂದರೆ ನಿಮಿಷಕ್ಕೆ 3300 ಸುತ್ತು. ಸರಿಯುವ ವೇಗಕ್ಕೆ ತಕ್ಕ ಕರೆಂಟು ಕೊಡುವ ‘ಡಿ’ಯನ್ನು ಡ್ಯಾಂಪಿಂಗ್ ಅನುಪಾತ (ಅಲುಗಾಟ ಎಷ್ಟು ಬೇಗ ತಣಿಯುತ್ತದೆ ಎಂಬುದರ ಅಳತೆ) 0.5ರ ಆಸುಪಾಸಿಗೆ ಬರುವಂತೆ ಇಡಿ. ನಮ್ಮಲ್ಲಿ ಅದು ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 7 ಆಂಪಿಯರ್.

ನಾಲ್ಕನೆಯ ಅಂಕೆಯನ್ನು ಬಹಳ ಮಂದಿ ಮರೆಯುತ್ತಾರೆ, ನಾವೂ ಮರೆತಿದ್ದೆವು: ವೋಲ್ಟೇಜು. ನಮ್ಮ ಕಾಯಿಲಿನ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) 12.6 ಮಿಲಿಹೆನ್ರಿ. 24 ವೋಲ್ಟಿನ ಸಪ್ಲೈ ಕೊಟ್ಟರೆ 1 ಆಂಪಿಯರ್ ಏರಿಳಿತವನ್ನು ಸುಮಾರು 300 ಹರ್ಟ್ಸ್ ತನಕ ಮಾತ್ರ ಕೊಡಲು ಸಾಧ್ಯ. ಅದಕ್ಕಿಂತ ವೇಗವಾಗಿ ಕೇಳಿದರೆ ಆಂಪ್ಲಿಫಯರ್ ಕೈಚೆಲ್ಲುತ್ತದೆ. 48ಕ್ಕೆ ಏರಿಸಿದಾಗ ಮಿತಿ 600 ಹರ್ಟ್ಸಿಗೆ ಹೋಯಿತು. ತಂತಿಯ ಸುತ್ತು ಹೆಚ್ಚಿಸಿ ಬಲ ಗಳಿಸಿದೆವು ಎಂದು ಬೀಗುವವರು ಇಂಡಕ್ಟೆನ್ಸ್ ಸುತ್ತಿನ ವರ್ಗದಷ್ಟು ಏರುತ್ತದೆ ಎಂಬುದನ್ನು ನೆನಪಿಡಬೇಕು.

ತೇಲಿಸುವುದು

ಮ್ಯಾಗ್ನೆಟಿಕ್ ಬೇರಿಂಗಿನ ಪಕ್ಕದಲ್ಲಿ ಒಂದು ಸಾಮಾನ್ಯ ಬಾಲ್ ಬೇರಿಂಗು ಇರುತ್ತದೆ, ಶಾಫ್ಟಿಗೆ ತಾಗದಂತೆ. ಕರೆಂಟು ಹೋದಾಗ ರೋಟರು ಬೀಳುವುದು ಅದರ ಮೇಲೆ. ನಾವು ಅದನ್ನು ‘ಆಸರೆ ಬೇರಿಂಗು’ ಎಂದು ಕರೆಯುತ್ತೇವೆ. ಅದರ ತೆರಪು ಗಾಳಿಯ ತೆರಪಿನ ಅರ್ಧದಷ್ಟಿರುವುದು ವಾಡಿಕೆ. ನಮ್ಮದು ಸುತ್ತಲೂ 0.2 ಮಿ.ಮೀ.

ಮೊದಲ ಕೆಲಸ ಆ ತೆರಪನ್ನು ಅಳೆಯುವುದು. ಆಯಸ್ಕಾಂತಗಳಿಂದಲೇ ರೋಟರನ್ನು ಒಂದೊಂದು ದಿಕ್ಕಿಗೆ ನಿಧಾನವಾಗಿ ಎಳೆದು, ಆಸರೆ ಬೇರಿಂಗಿಗೆ ತಾಗಿಸುತ್ತ ಪೂರ್ತಿ ಒಂದು ಸುತ್ತು ಬನ್ನಿ. ಸೆನ್ಸರುಗಳು ಕೊಡುವ ಚಿತ್ರ ದುಂಡಗಿರಬೇಕು. ಮೊಟ್ಟೆಯಂತೆ ಕಂಡರೆ ಒಂದು ಸೆನ್ಸರಿನ ಅಳತೆ ತಪ್ಪಿದೆ. ಒಂದು ಕಡೆ ಚಪ್ಪಟೆಯಾಗಿದ್ದರೆ ಏನೋ ತಾಗುತ್ತಿದೆ. ನಮ್ಮಲ್ಲಿ ಅದು ವಾರ್ನಿಷ್ ಮೆತ್ತಿಕೊಂಡ ತಂತಿಯ ತುದಿ. ವೃತ್ತದ ನಡುವನ್ನೇ ಕೇಂದ್ರವೆಂದು ಕಂಟ್ರೋಲರಿಗೆ ಹೇಳಿ, ಡ್ರಾಯಿಂಗಿನ ಕೇಂದ್ರವನ್ನಲ್ಲ.

ಎರಡನೆಯದು ಚಿಹ್ನೆಯ ಪರೀಕ್ಷೆ. ಒಂದೊಂದು ಜೋಡಿಗೂ ಸ್ವಲ್ಪ ಕರೆಂಟು ಕೊಟ್ಟು, ರೋಟರು ಅದೇ ಕಡೆಗೆ ಸರಿದು ಅದೇ ಸೆನ್ಸರು ಹೇಳುತ್ತದೆಯೇ ಎಂದು ನಾಲ್ಕೂ ಅಕ್ಷಗಳಲ್ಲಿ ನೋಡಿ. ನಾವು ಮೂರನ್ನು ನೋಡಿ ನಾಲ್ಕನೆಯದೂ ಸರಿಯಿರಬೇಕು ಎಂದುಕೊಂಡೆವು. ಸ್ವಿಚ್ಚು ಹಾಕಿದಾಗ ಹೊರಟ ಸದ್ದಿಗೆ ಪಕ್ಕದ ಶೆಡ್ಡಿನವರು ಬಾಗಿಲಿಗೆ ಬಂದು ನಿಂತರು.

ಮೂರನೆಯದಾಗಿ ತೇಲಿಸಿ. ಉಳಿದುಹೋದ ತಪ್ಪನ್ನು ಕೂಡಿಸುತ್ತ ತಿದ್ದುವ ‘ಐ’ಯನ್ನು ಸೊನ್ನೆಯಲ್ಲಿಟ್ಟು ಪಿ ಮತ್ತು ಡಿಯಿಂದ ಎತ್ತಿ, ಸ್ಥಿರವಾದ ಮೇಲೆ ‘ಐ’ಯನ್ನು ಮೆಲ್ಲಗೆ ಕೂಡಿಸಿ. ಈಗ ಕರೆಂಟು ಓದಿ. ನಮ್ಮ ಬೇರಿಂಗೊಂದರ ಪಾಲಿಗೆ 12 ನ್ಯೂಟನ್ ತೂಕ, ಅದು 45 ಡಿಗ್ರಿಯಲ್ಲಿ ನಿಂತ ಎರಡು ಅಕ್ಷಗಳಿಗೆ ಹಂಚಿಹೋಗುತ್ತದೆ. ಪ್ರತಿ ಅಕ್ಷದಲ್ಲಿ 0.14 ಆಂಪಿಯರಿನಷ್ಟು ಕಂಟ್ರೋಲ್ ಕರೆಂಟು ಕಾಣಬೇಕು. ಒಮ್ಮೆ 0.3 ಕಂಡಿತು. ಕಪ್ಲಿಂಗು ಶಾಫ್ಟನ್ನು ಕೆಳಕ್ಕೆ ಜಗ್ಗುತ್ತಿತ್ತು. ಹೀಗೆ ಬೇರಿಂಗೇ ತಕ್ಕಡಿಯಾಗುತ್ತದೆ. ಬಾಲ್ ಬೇರಿಂಗಿನಲ್ಲಿ ಸಿಗದ ಈ ಸೌಕರ್ಯವನ್ನು ಧಾರಾಳವಾಗಿ ಬಳಸಿಕೊಳ್ಳಿ. ಶಾಫ್ಟು ತನ್ನ ಉದ್ದಕ್ಕೆ ಸರಿಯದಂತೆ ನಮ್ಮಲ್ಲಿ ಬಳುಕುವ ಕಪ್ಲಿಂಗೇ ಹಿಡಿಯುತ್ತದೆ. ದೊಡ್ಡ ಯಂತ್ರಗಳಲ್ಲಿ ಅದಕ್ಕೆಂದೇ ಐದನೆಯ ಅಕ್ಷದ ಬೇರಿಂಗು ಇರುತ್ತದೆ.

ಬೇರಿಂಗು ಹಾಡತೊಡಗಿದಾಗ

ಮೊದಲ ದಿನ ರೋಟರು ತೇಲಿತು, ಆದರೆ ಬೆರಳಿನಿಂದ ಒತ್ತಿದರೆ ಮೆತ್ತಗೆ ಎನ್ನಿಸಿತು. “ಅತ್ತೆ, ಪಿಯನ್ನು ಇನ್ನೂ ಸ್ವಲ್ಪ ಹೆಚ್ಚಿಸೋಣವೇ?” ನನಗೂ ಆಸೆ. 5 ಇದ್ದದ್ದನ್ನು 8 ಮಾಡಿದೆವು, ಡಿಯನ್ನೂ ಅದಕ್ಕೆ ತಕ್ಕಂತೆ ಏರಿಸಿದೆವು. ತಿರುಗದೆ ನಿಂತಿದ್ದ ರೋಟರು ದುಂಬಿಯಂತೆ ಒಂದೇ ಸ್ವರದಲ್ಲಿ ಹಾಡತೊಡಗಿತು. ಮೊಬೈಲಿನ ಆ್ಯಪ್‌ನಲ್ಲಿ ಸ್ವರ ನೋಡಿದರೆ 400 ಹರ್ಟ್ಸಿನ ಹತ್ತಿರ.

ಅದು ಶಾಫ್ಟು ಬಿಲ್ಲಿನಂತೆ ಬಾಗುವ ಆವರ್ತನ. ಇದನ್ನು ಮೊದಲೇ ತಿಳಿಯಬಹುದಿತ್ತು. ರೋಟರನ್ನು ಎರಡು ಮೆತ್ತನೆಯ ಹಗ್ಗಗಳಿಂದ ತೂಗುಹಾಕಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಒಂದು ಸಣ್ಣ ಪೆಟ್ಟು ಕೊಟ್ಟು, ಅದು ಯಾವ ಸ್ವರದಲ್ಲಿ ಅನುರಣಿಸುತ್ತದೆ ಎಂದು ಕೇಳಿದರೆ ಸಾಕು. ಬಾಗುವಾಗ ಅಲುಗದೆ ನಿಲ್ಲುವ ಬಿಂದುಗಳು ಎಲ್ಲಿವೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಸೆನ್ಸರು ಆ ಬಿಂದುವಿನ ಒಂದು ಕಡೆ, ಆಯಸ್ಕಾಂತ ಇನ್ನೊಂದು ಕಡೆ ಇದ್ದರೆ ಕಣ್ಣು ಮೇಲೆ ಎಂದಾಗ ಕೈ ಇರುವ ಜಾಗ ಕೆಳಗೆ ಹೋಗುತ್ತಿರುತ್ತದೆ. ಅದಕ್ಕೆ ಮದ್ದು ಸೆನ್ಸರನ್ನು ಸರಿಸುವುದು. ಸಾಫ್ಟ್‌ವೇರಿನಲ್ಲಿ ತೇಪೆ ಹಾಕುವುದು ಕಡೆಯ ದಾರಿ.

ನಮ್ಮಲ್ಲಿ ಜಾಗ ಸರಿಯಿತ್ತು, ತಡ ತಪ್ಪಿತ್ತು. ಕಂಟ್ರೋಲರ್ ಸೆಕೆಂಡಿಗೆ 10,000 ಬಾರಿ ಓದುತ್ತಿತ್ತು. ಓದಿ, ಲೆಕ್ಕ ಹಾಕಿ, ಉತ್ತರ ಕೊಡುವುದರಲ್ಲಿ ಸುಮಾರು ಒಂದೂವರೆ ಓದಿನ ಕಾಲ, ಅಂದರೆ 150 ಮೈಕ್ರೋಸೆಕೆಂಡು ಕಳೆಯುತ್ತದೆ. 400 ಹರ್ಟ್ಸಿನಲ್ಲಿ ಅದು 22 ಡಿಗ್ರಿ ಹಿಂದುಳಿಕೆ. ಸೆನ್ಸರಿನ ಗದ್ದಲ ಕಡಿಮೆ ಮಾಡಲೆಂದು ನಾನೇ ಹಾಕಿದ್ದ 1000 ಹರ್ಟ್ಸಿನ ಫಿಲ್ಟರು ಇನ್ನೊಂದು 22 ಡಿಗ್ರಿ ನುಂಗುತ್ತಿತ್ತು. ಆಂಪ್ಲಿಫಯರಿನ ಹಿಂದುಳಿಕೆ ಬೇರೆ. ಡಿ ಮುಂದಕ್ಕೆ ತಂದ ಫೇಸನ್ನು (ಅಲೆಯ ಹಿಂದು-ಮುಂದಿನ ಕೋನವನ್ನು) ಇವೆಲ್ಲ ಸೇರಿ ತಿಂದುಹಾಕಿದಾಗ ತಣಿಸಬೇಕಾದ ಬಲವೇ ತಳ್ಳುವ ಬಲವಾಗುತ್ತದೆ. ಉಯ್ಯಾಲೆ ಹಿಂದೆ ಬರುತ್ತಿರುವಾಗ ತಡೆಯಲು ಚಾಚಿದ ಕೈ, ಸ್ವಲ್ಪ ತಡವಾದರೆ ಅದು ಮುಂದಕ್ಕೆ ಹೊರಡುವಾಗ ನೂಕಿದಂತೆ.

ಸರಿಮಾಡಿದ್ದು ಹೀಗೆ. ಸ್ಯಾಂಪ್ಲಿಂಗನ್ನು 20,000ಕ್ಕೆ ಏರಿಸಿದೆವು, ಹಿಂದುಳಿಕೆ 11 ಡಿಗ್ರಿಗೆ ಇಳಿಯಿತು. ಫಿಲ್ಟರನ್ನು 5000 ಹರ್ಟ್ಸಿಗೆ ಸರಿಸಿದೆವು, ಅಲ್ಲಿ 5 ಡಿಗ್ರಿಯೂ ಉಳಿಯಲಿಲ್ಲ. ಸಪ್ಲೈ 48 ವೋಲ್ಟ್ ಆಯಿತು. ಗದ್ದಲ ಹೆಚ್ಚಾದೀತು ಎಂಬ ಭಯಕ್ಕೆ ಫಿಲ್ಟರ್ ಬದಲು ಕೇಬಲ್ ನೋಡಿದೆವು. ಸೆನ್ಸರಿನ ಕೇಬಲು ಮೋಟರಿನ ಕೇಬಲಿನ ಜೊತೆ ಒಂದೇ ಟ್ರೇಯಲ್ಲಿ ಮಲಗಿತ್ತು. ಬೇರೆ ಮಾಡಿ, ಶೀಲ್ಡನ್ನು ಒಂದು ತುದಿಯಲ್ಲಿ ಅರ್ತ್ ಮಾಡಿದೆವು. ಪಿಯನ್ನು ಮತ್ತೆ 5ಕ್ಕೆ ಇಳಿಸಿದೆವು. ಹಾಡು ನಿಂತಿತು. ಇಂದಿಗೂ ಅದು 5ರಲ್ಲೇ ಇದೆ.

ಇದನ್ನು ಕಿವಿಯ ಮೇಲೆ ಬಿಡದೆ ಅಳೆಯುವ ದಾರಿಯನ್ನು ಮ್ಯಾಗ್ನೆಟಿಕ್ ಬೇರಿಂಗಿನ ಯಂತ್ರಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 14839ರ ಮೂರನೆಯ ಭಾಗ ಹೇಳುತ್ತದೆ. ಸೆನ್ಸರಿನ ಸಂಕೇತಕ್ಕೆ ಹೊರಗಿನಿಂದ ಒಂದು ಚಿಕ್ಕ ಸೈನ್ ಅಲೆ ಕೂಡಿಸಿ, ಕೂಡಿಸಿದ ಜಾಗದ ಆಚೆಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಆವರ್ತನ ಬದಲಿಸುತ್ತ ನೋಡಿ. ಅತಿ ಎತ್ತರದ ಜಾಗದಲ್ಲಿ ಈ ಅನುಪಾತ 3ಕ್ಕಿಂತ ಕೆಳಗೆ, ಅಂದರೆ 9.5 ಡೆಸಿಬಲ್ ಒಳಗೆ, ಇದ್ದರೆ ಮೊದಲ ವಲಯ. ಹೊಸ ಯಂತ್ರ ಅಲ್ಲಿರಬೇಕು. 3ರಿಂದ 4 ಎರಡನೆಯದು, 4ರಿಂದ 5 ಮೂರನೆಯದು, ಅದರಾಚೆ ಓಡಿಸಬಾರದು. ಎಲ್ಲ ಅಕ್ಷಗಳನ್ನು ಅಳೆದು ಅತಿ ಕೆಟ್ಟದ್ದನ್ನೇ ಯಂತ್ರದ ಅಂಕೆ ಎಂದು ಬರೆಯಿರಿ. ನಮ್ಮದು 4.6ರಿಂದ 2.7ಕ್ಕೆ ಬಂತು. ಹಗಲಲ್ಲಿ ಪಣಂಬೂರು ಬಂದರಿನ ಲಾರಿಗಳು ಹೆದ್ದಾರಿಯಲ್ಲಿ ಹೋಗುವಾಗ ನಮ್ಮ ನೆಲವೇ ನಡುಗುತ್ತದೆ, ಓದು ಕೆಡುತ್ತದೆ. ಅದಕ್ಕೇ ಈ ಅಳತೆ ಭಾನುವಾರ ಬೆಳಿಗ್ಗೆಗೆ ಮೀಸಲು.

ತಿರುಗಿಸುವುದು, ಆಮೇಲೆ ಬಿಡುವುದು

ತಿರುಗಿಸುವ ಮೊದಲು ಸುತ್ತಲೂ ದಪ್ಪ ಉಕ್ಕಿನ ತಗಡಿನ ಕವಚ ಇರಲಿ, ತುರ್ತು ನಿಲುಗಡೆಯ ಗುಂಡಿ ಕೈಗೆಟುಕಲಿ. ನಾನು 600, 1200, 2000 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಪ್ರತಿ ಮೆಟ್ಟಿಲಿನಲ್ಲೂ ಶಾಫ್ಟಿನ ಕೇಂದ್ರ ಬರೆಯುವ ಚಿತ್ರವನ್ನು ಪರದೆಯ ಮೇಲೆ ನೋಡುತ್ತೇನೆ. 3300ರ ಆಸುಪಾಸಿನಲ್ಲಿ ಸಹಜ ಆವರ್ತನ ದಾಟಬೇಕು. ಡ್ಯಾಂಪಿಂಗ್ ಅನುಪಾತ 0.5 ಇದ್ದರೆ ಅಲ್ಲಿ ಭಯಪಡುವಂಥದ್ದೇನೂ ಆಗುವುದಿಲ್ಲ. ಡಿಯನ್ನು ಜಿಪುಣತನದಿಂದ ಇಟ್ಟವರಿಗೆ ಮಾತ್ರ ಅದು ಕಂಟಕ. ಅಲ್ಲಿ ತಂಗದೆ ದಾಟಿಬಿಡಿ.

ಎಷ್ಟು ಅಲುಗಾಟ ಸರಿ? ಬಾಲ್ ಬೇರಿಂಗಿನ ಯಂತ್ರಗಳ ಮಿತಿಯನ್ನು ಇಲ್ಲಿಗೆ ತರಬೇಡಿ, ಅದು ಇಲ್ಲಿ ಅನಗತ್ಯವಾಗಿ ಬಿಗಿ. ಅದೇ ಐಎಸ್‌ಒದ ಎರಡನೆಯ ಭಾಗ ಅಲುಗಾಟವನ್ನು ಆಸರೆ ಬೇರಿಂಗಿನ ಕನಿಷ್ಠ ತೆರಪಿಗೆ ಹೋಲಿಸುತ್ತದೆ. ಕೇಂದ್ರದಿಂದ ಅತಿ ಹೆಚ್ಚು ಸರಿದ ದೂರ ತೆರಪಿನ 0.3ರೊಳಗೆ ಮೊದಲ ವಲಯ, 0.4ರ ತನಕ ಎರಡನೆಯದು, 0.5ರ ತನಕ ಮೂರನೆಯದು. ನಮ್ಮ 200 ಮೈಕ್ರಾನ್ ತೆರಪಿಗೆ ಅದು 60, 80, 100. ಎಚ್ಚರಿಕೆಯನ್ನು 60ಕ್ಕೆ, ಟ್ರಿಪ್ಪನ್ನು (ಯಂತ್ರ ತಾನೇ ನಿಲ್ಲುವ ಮಿತಿಯನ್ನು) 80ಕ್ಕೆ ಇಟ್ಟಿದ್ದೇವೆ.

ಈಗ ಮ್ಯಾಗ್ನೆಟಿಕ್ ಬೇರಿಂಗಿನ ನಿಜವಾದ ಸೊಗಸು. ಬುಗುರಿಯನ್ನು ನೆನಪಿಸಿಕೊಳ್ಳಿ. ಜೋರಾಗಿ ತಿರುಗುವಾಗ ಅದು ತನ್ನ ತೂಕದ ನಡುವನ್ನು ತಾನೇ ಕಂಡುಕೊಂಡು ನಿದ್ದೆ ಹೋದಂತೆ ನಿಲ್ಲುತ್ತದೆ. ಸಹಜ ಆವರ್ತನ ದಾಟಿದ ರೋಟರೂ ಹಾಗೆಯೇ ಆಕಾರದ ನಡುವನ್ನು ಬಿಟ್ಟು ತೂಕದ ನಡುವಿನ ಸುತ್ತ ತಿರುಗಲು ಬಯಸುತ್ತದೆ. ಕಂಟ್ರೋಲರಿಗೆ ಇದು ಗೊತ್ತಿಲ್ಲ. ಸುತ್ತಿಗೊಮ್ಮೆ ಬರುವ ಆ ಸರಿದಾಟವನ್ನು ತಪ್ಪೆಂದು ಬಗೆದು ಪ್ರತಿ ಸುತ್ತಿಗೂ ತಿದ್ದಲು ಹೋಗುತ್ತದೆ. ಆ ಹೋರಾಟವೇ ಕಾಯಿಲಿನ ಬಿಸಿ, ಆಂಪ್ಲಿಫಯರಿನ ದಣಿವು, ಮೇಜಿನ ನಡುಕ. ಬ್ಯಾಲೆನ್ಸ್ ಮಾಡದ ರೋಟರಿನಲ್ಲಿ 6000 ಸುತ್ತಿಗೆ ಈ ಹೋರಾಟಕ್ಕೇ 0.2 ಆಂಪಿಯರಿನಷ್ಟು ಹೋಗುತ್ತದೆ, ರೋಟರನ್ನು ಎತ್ತಿ ಹಿಡಿಯಲು ಬೇಕಾದದ್ದಕ್ಕಿಂತ ಹೆಚ್ಚು.

ಉಪಾಯ ಇಷ್ಟು: ಶಾಫ್ಟಿನಿಂದ ಸುತ್ತಿಗೊಂದು ಪಲ್ಸ್ ತೆಗೆದುಕೊಂಡು, ಸರಿಯಾಗಿ ಆ ವೇಗದ ಆವರ್ತನದ ಭಾಗವನ್ನು ಮಾತ್ರ ಸೆನ್ಸರಿನ ಸಂಕೇತದಿಂದ ಕಳೆಯುವುದು. ಆಗ ಕಂಟ್ರೋಲರ್ ಆ ಸರಿದಾಟಕ್ಕೆ ಕುರುಡಾಗುತ್ತದೆ, ಉಳಿದೆಲ್ಲಕ್ಕೂ ಕಣ್ಣು ತೆರೆದಿರುತ್ತದೆ. ಶಾಫ್ಟು ಕೆಲವು ಮೈಕ್ರಾನ್ ಹೆಚ್ಚೇ ಅಲುಗಬಹುದು. ಮೇಜಿಗೆ ತಲುಪುವ ನಡುಕ ಬಹುಪಾಲು ಇಲ್ಲವಾಗುತ್ತದೆ. ಮೊದಲ ಸಲ ಇದನ್ನು ಚಾಲೂ ಮಾಡಿದಾಗ ನಾನು ಅಪ್ಪನ ಚೊಂಬನ್ನು ತಂದು ಬೇರಿಂಗಿನ ಮನೆಯ ಮೇಲಿಟ್ಟೆ. ತಮ್ಮನ ಮಗಳು ನಕ್ಕಳು, ಆದರೂ ಬಗ್ಗಿ ನೋಡಿದಳು. ಉಂಗುರಗಳು ಕರಗಿ ನೀರು ಕನ್ನಡಿಯಾಗಿತ್ತು.

ಇದರಲ್ಲಿ ಎರಡು ಹಳ್ಳಗಳಿವೆ. ಒಂದು, ಸಹಜ ಆವರ್ತನದ ಕೆಳಗೆ ಅಥವಾ ಅದರ ಹತ್ತಿರ ಇದನ್ನು ಚಾಲೂ ಮಾಡುವುದು. ಅಲ್ಲಿ ರೋಟರಿಗೆ ಆ ಆವರ್ತನದ ಹಿಡಿತ, ತಣಿವು ಎರಡೂ ಬೇಕು. ಕುರುಡು ಮಾಡಿದರೆ ನೇರವಾಗಿ ಆಸರೆ ಬೇರಿಂಗಿಗೆ ಹೋಗುತ್ತದೆ. ನಾವು 5000 ದಾಟಿದ ಮೇಲಷ್ಟೇ ಚಾಲೂ ಮಾಡುತ್ತೇವೆ, ಇಳಿಯುವಾಗ ಅದೇ ಜಾಗದಲ್ಲಿ ಬಂದ್ ಮಾಡುತ್ತೇವೆ. ಇನ್ನೊಂದು ಹಳ್ಳ ಒಂದೇ ಆವರ್ತನವನ್ನು ಕತ್ತರಿಸುವ ಸಾಮಾನ್ಯ ನಾಚ್ ಫಿಲ್ಟರನ್ನು ಸುಮ್ಮನೆ ಸಂಕೇತದ ದಾರಿಯಲ್ಲಿ ತುರುಕುವುದು. ಅದು ತನ್ನ ಎರಡೂ ಮಗ್ಗುಲಿನ ಫೇಸನ್ನು ಕೆಡಿಸಿ ನೆಟ್ಟಗಿದ್ದ ಹತೋಟಿಯನ್ನೇ ಉರುಳಿಸಬಲ್ಲದು. ಫಿಲ್ಟರನ್ನು ಕಿರಿದಾಗಿ ಇಡಿ, ಮತ್ತು ಆ ವೇಗದಲ್ಲಿ ಅಳೆದ ಅನುಪಾತದ ಫೇಸಿಗೆ ತಕ್ಕಂತೆ ಅದರ ಕೋನ ತಿರುಗಿಸಿ. ಹಿಂದಿನ ಹಂತದಲ್ಲಿ ಸೈನ್ ಅಲೆ ಕೂಡಿಸಿ ಅಳೆದದ್ದು ಇಲ್ಲಿ ಬೇಕಾಗುತ್ತದೆ. ಅಂಕೆಯ ಜೊತೆ ಕೋನವನ್ನೂ ಬರೆದಿಟ್ಟಿದ್ದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಚಾಲೂ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ರೋಟರು ಗಿಡ್ಡಗಿದ್ದು ಅದರ ಮೇಲೆ ಅಗಲವಾದ ಚಕ್ರವಿದ್ದರೆ ಬುಗುರಿಯ ಇನ್ನೊಂದು ಗುಣ, ತಲೆದೂಗಾಟ, ಎದುರಾಗುತ್ತದೆ. ವೇಗ ಏರಿದಂತೆ ಒಂದು ಆವರ್ತನ ಮೇಲೇರುತ್ತ, ಇನ್ನೊಂದು ಕೆಳಗಿಳಿಯುತ್ತ ಹೋಗುತ್ತದೆ. ನಿಂತಾಗ ಸರಿಯಿದ್ದ ಟ್ಯೂನಿಂಗು ಓಡುವಾಗ ಸಾಲದೆ ಹೋಗಬಹುದು. ನಮ್ಮಂಥ ಉದ್ದನೆಯ ಸಪೂರ ರೋಟರಿಗೆ ಅದರ ಕಾಟ ಕಡಿಮೆ.

ಕರೆಂಟು ಹೋದರೆ

ಮೇ ತಿಂಗಳ ಒಂದು ಸಂಜೆ, ಗುಡುಗಿನ ಜೊತೆಗೇ ಕರೆಂಟು ಹೋಯಿತು. ರೋಟರು 4500ರಲ್ಲಿತ್ತು, ನಮ್ಮಲ್ಲಿ ಯುಪಿಎಸ್ ಇರಲಿಲ್ಲ. ಬಿದ್ದ ರೋಟರು ಆಸರೆ ಬೇರಿಂಗಿನ ಒಳಗೋಡೆಯನ್ನು ಉಜ್ಜುತ್ತ ಹಿಮ್ಮುಖವಾಗಿ ಸುತ್ತಲಾರಂಭಿಸಿತು. ಸದ್ದು ಕೆಲವೇ ಸೆಕೆಂಡು, ಆದರೆ ಬೇರಿಂಗು ಬಿಚ್ಚಿ ನೋಡಿದಾಗ ಗ್ರೀಸು ಕಪ್ಪಾಗಿತ್ತು, ಗುಂಡುಗಳ ಮೇಲೆ ನೀಲಿ ಬಣ್ಣ ಕುಳಿತಿತ್ತು. ಎರಡನ್ನೂ ಬದಲಿಸಿದೆವು. ಈಗ ಕಂಟ್ರೋಲರಿಗೂ ಆಂಪ್ಲಿಫಯರಿಗೂ ಯುಪಿಎಸ್ ಇದೆ, ಮೋಟರಿಗಿಲ್ಲ. ಕರೆಂಟು ಹೋದರೆ ಮೋಟರು ತಾನೇ ನಿಧಾನವಾಗುತ್ತದೆ, ಬೇರಿಂಗು ರೋಟರನ್ನು ನಿಲ್ಲುವ ತನಕ ಹಿಡಿದಿರುತ್ತದೆ. ದೊಡ್ಡ ಯಂತ್ರಗಳಲ್ಲಿ ಇಳಿಯುತ್ತಿರುವ ಮೋಟರನ್ನೇ ಜನರೇಟರಾಗಿಸಿ ಬೇರಿಂಗಿಗೆ ಉಣಿಸುವುದೂ ಉಂಟು. ಆಸರೆ ಬೇರಿಂಗಿನ ಮೇಲೆ ರೋಟರು ಎಷ್ಟು ಸಲ, ಯಾವ ವೇಗದಲ್ಲಿ ಬಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ತಯಾರಕರು ಹೇಳಿದ ಎಣಿಕೆ ಮುಗಿದರೆ, ನೋಡಲು ಚೆನ್ನಾಗಿದ್ದರೂ ಬದಲಿಸಿ.

ಕರಾವಳಿಯವರಿಗೆ ಮಾತ್ರ

ಉಪ್ಪುಗಾಳಿ ಸೆನ್ಸರಿನ ಕನೆಕ್ಟರಿನ ಪಿನ್ನುಗಳನ್ನು ಹಸಿರಾಗಿಸುತ್ತದೆ. ಓದು ಹಗಲು ರಾತ್ರಿಗೆ ಒಂದೆರಡು ಮೈಕ್ರಾನ್ ಜಾರಿದರೆ ಟ್ಯೂನಿಂಗಿಗೆ ಕೈ ಹಾಕುವ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಚಿನ್ನದ ಲೇಪದ ಪಿನ್ನಿಗೆ ಕೊಟ್ಟ ದುಡ್ಡು ದಂಡವಲ್ಲ. ರಜೆಯ ನಂತರ ಸ್ವಿಚ್ಚು ಹಾಕುವ ಮೊದಲು ಕಾಯಿಲಿನ ಇನ್ಸುಲೇಶನ್ನನ್ನು ಮೆಗ್ಗರಿನಲ್ಲಿ ನೋಡಿ, ಆಂಪ್ಲಿಫಯರಿನ ತಂತಿ ಬಿಚ್ಚಿಟ್ಟೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ಯಾನೆಲಿನೊಳಗೆ 40 ವಾಟಿನ ಹಳೆಯ ಬಲ್ಬೊಂದನ್ನು ಉರಿಸಿಡುತ್ತೇನೆ, ತೇವ ಕೂರುವುದಿಲ್ಲ. ಬೆಚ್ಚಗಿದೆಯೆಂದು ಹಲ್ಲಿ ಬಂದು ಆಂಪ್ಲಿಫಯರಿನ ಬಸ್‌ಬಾರಿನ ಮೇಲೆ ಮಲಗಿ ಫ್ಯೂಸು ಹಾರಿಸಿದ ಮೇಲೆ ಕೇಬಲ್ ತೂರಿಸಿದ ತೂತುಗಳಿಗೆಲ್ಲ ಗ್ಲ್ಯಾಂಡ್ ಹಾಕಿಸಿದೆ.